ಮುಚ್ಚಿದ ಪೆಟ್ಟಿಗೆಯನ್ನು ಕೊನೆಗೆ ತೆರೆದು ತೋರಿಸಬೇಕೇ?

ಪ್ರಶ್ನೆ: ಎಂಟನೆಯ ತರಗತಿಯ ವಿಜ್ಞಾನ ಶಿಕ್ಷಕಿ, ಮುಂಬಯಿ

ಎಲ್ಲರಿಗೂ ನಮಸ್ಕಾರ. ನಾನು ಮುಂಬಯಿಯ ಕನ್ನಡ ಮಾಧ್ಯಮ ಶಾಲೆಯೊಂದರಲ್ಲಿ ವಿಜ್ಞಾನ ಕಲಿಸುತ್ತೇನೆ. ಪರಮಾಣುವಿನ ರಚನೆಯ ಪಾಠ ಆರಂಭಿಸುವ ಮೊದಲು, ಕಣ್ಣಿಗೆ ಕಾಣದ ವಸ್ತುವಿನ ಬಗ್ಗೆ ವಿಜ್ಞಾನಿಗಳು ಯಾವ ಧೈರ್ಯದಿಂದ ಮಾತನಾಡುತ್ತಾರೆ ಎಂಬುದು ಮಕ್ಕಳಿಗೆ ತಮ್ಮ ಕೈಯಿಂದಲೇ ತಿಳಿಯಲಿ ಎಂದು ಕಳೆದ ವಾರ ಮುಚ್ಚಿದ ಪೆಟ್ಟಿಗೆಯ ಚಟುವಟಿಕೆಯನ್ನು ಮಾಡಿಸಿದೆ. ಅದು ನಾನು ಬಯಸಿದಂತೆ ಮುಗಿಯಲಿಲ್ಲ. ನಿಮ್ಮ ಸಲಹೆ ಬೇಕಾಗಿದೆ.

ಚಪ್ಪಲಿ ಅಂಗಡಿಯಿಂದ ಒಂದೇ ಅಳತೆಯ ಆರು ರಟ್ಟಿನ ಪೆಟ್ಟಿಗೆಗಳನ್ನು ತಂದು, ಪ್ರತಿಯೊಂದರೊಳಗೆ ಅರ್ಧದವರೆಗೆ ಒಂದು ರಟ್ಟಿನ ಅಡ್ಡಗೋಡೆಯನ್ನು ಅಂಟಿಸಿ, ಒಂದೊಂದು ಪೆನ್ಸಿಲ್ ಸೆಲ್ ಹಾಕಿ, ಸುತ್ತಲೂ ಟೇಪ್ ಸುತ್ತಿದೆ. ಆರರಲ್ಲೂ ಒಂದೇ ವಸ್ತು ಇದೆ ಎಂಬುದನ್ನು ಮಕ್ಕಳಿಗೆ ಹೇಳಿರಲಿಲ್ಲ. ಓರೆ ಮಾಡಬಹುದು, ಅಲ್ಲಾಡಿಸಬಹುದು, ತೂಗಬಹುದು, ಆಯಸ್ಕಾಂತ ಹಿಡಿಯಬಹುದು, ಪಕ್ಕದಲ್ಲಿಟ್ಟ ಖಾಲಿ ಪೆಟ್ಟಿಗೆಯೊಂದಿಗೆ ಹೋಲಿಸಬಹುದು, ತೆರೆಯುವುದು ಮಾತ್ರ ಕೂಡದು ಎಂದು ತಿಳಿಸಿದ್ದೆ. ಆದರೆ ಆರು ಗುಂಪುಗಳಿಗೆ ನನ್ನಲ್ಲಿ ಇದ್ದದ್ದು ಎರಡು ಆಯಸ್ಕಾಂತ ಮತ್ತು ಮನೆಯಿಂದ ತಂದ ಒಂದೇ ಒಂದು ಅಡುಗೆಮನೆಯ ತಕ್ಕಡಿ.

ಒಂದು ಗುಂಪಿನ ಮಕ್ಕಳು ಪೆಟ್ಟಿಗೆಯನ್ನು ಒಂದು ದಿಕ್ಕಿಗೆ ಓರೆ ಮಾಡಿದರೆ ಒಳಗಿನ ವಸ್ತು ಉರುಳುತ್ತದೆ, ಇನ್ನೊಂದು ದಿಕ್ಕಿಗೆ ಓರೆ ಮಾಡಿದರೆ ತಡೆದು ತಡೆದು ಜಾರುತ್ತದೆ ಎಂಬುದನ್ನು ಹತ್ತು ಸಲ ಪರೀಕ್ಷಿಸಿ, ಹತ್ತೂ ಸಲದ ಫಲವನ್ನು ಬರೆದುಕೊಂಡರು. ಹಾಗಾಗಿ ಅದು ಗೋಲಿಯಲ್ಲ, ಚೌಕಾಕಾರದ ರಬ್ಬರೂ ಅಲ್ಲ, ಉರುಳೆಯಾಕಾರದ್ದು ಎಂದು ಸರಿಯಾಗಿಯೇ ಹೇಳಿದರು. ತಕ್ಕಡಿಯ ಸರದಿ ಅವರಿಗೆ ಬರುವಷ್ಟರಲ್ಲಿ ಗಂಟೆ ಹೊಡೆದಿತ್ತು. ಅವರ ಕೊನೆಯ ಉತ್ತರ "ಸೀಮೆಸುಣ್ಣದ ತುಂಡು". ಇನ್ನೊಂದು ಗುಂಪು ಆಯಸ್ಕಾಂತಕ್ಕೆ ವಸ್ತು ಅಂಟಿದ ಕೂಡಲೇ ಉಳಿದ ಪರೀಕ್ಷೆಗಳನ್ನೆಲ್ಲ ಬಿಟ್ಟು "ಕಬ್ಬಿಣದ ಮೊಳೆ" ಎಂದು ಬರೆದು ಕೈಕಟ್ಟಿ ಕುಳಿತಿತು. ಮೂರನೆಯ ಗುಂಪಿನವರು ಊಟದ ಬಿಡುವಿನಲ್ಲಿ ಪೆಟ್ಟಿಗೆಯ ಮೂಲೆಯನ್ನು ಸ್ವಲ್ಪ ಹರಿದು ಇಣುಕಿ ನೋಡಿ "ಸೆಲ್" ಎಂದು ಬರೆದಿದ್ದರು. ನಾನು ಎಲ್ಲರ ಮುಂದೆ ಪೆಟ್ಟಿಗೆಗಳನ್ನು ತೆರೆದಾಗ ಇಡೀ ತರಗತಿ ಚಪ್ಪಾಳೆ ತಟ್ಟಿದ್ದು ಈ ಮೂರನೆಯ ಗುಂಪಿಗೆ. ಸೀಮೆಸುಣ್ಣ ಎಂದ ಹುಡುಗಿಯರು ತಮ್ಮ ಹತ್ತು ಸಾಲುಗಳ ಪಟ್ಟಿಯನ್ನು ಹೊಡೆದುಹಾಕಿಬಿಟ್ಟರು. ಅದನ್ನು ಕಂಡು ನನಗೆ ಸಂಕಟವಾಯಿತು.

ನನ್ನ ಪ್ರಶ್ನೆಗಳು ಎರಡು. ಕೊನೆಗೆ ಪೆಟ್ಟಿಗೆಯನ್ನು ತೆರೆಯುವುದೇ ತಪ್ಪೇ? ತೆರೆಯದಿದ್ದರೆ ಮಕ್ಕಳು ಸುಮ್ಮನಿರುತ್ತಾರೆಯೇ? ಎರಡನೆಯದಾಗಿ, ಗಮನಿಸಿದ್ದನ್ನೂ ಅದರಿಂದ ತರ್ಕಿಸಿದ್ದನ್ನೂ ಬೇರೆ ಬೇರೆ ಅಂಕಣಗಳಲ್ಲಿ ಬರೆಸಲು ಹೋದಾಗ, ಎರಡನೆಯ ಅಂಕಣಕ್ಕೆ ನಾನು "ಅನುಮಾನ" ಎಂಬ ತಲೆಬರಹ ಕೊಟ್ಟೆ. ಅರ್ಧ ತರಗತಿ ಅಲ್ಲಿ "ನಮಗೆ ಯಾವ ಅನುಮಾನವೂ ಇಲ್ಲ ಟೀಚರ್" ಎಂದು ಬರೆದುಕೊಟ್ಟಿದೆ. ಇದಕ್ಕೆ ಯಾವ ಪದವನ್ನು ಬಳಸಲಿ?

ಉತ್ತರ 1: ನಿವೃತ್ತ ರಾತ್ರಿಶಾಲಾ ಶಿಕ್ಷಕ, ಡೊಂಬಿವಲಿ

ಟೀಚರ್, ನಿಮ್ಮ ಎರಡನೆಯ ಪ್ರಶ್ನೆಯನ್ನೇ ಮೊದಲು ತೆಗೆದುಕೊಳ್ಳುತ್ತೇನೆ, ಏಕೆಂದರೆ ಅದು ಬಗೆಹರಿದರೆ ಮೊದಲನೆಯದು ಅರ್ಧ ಹಗುರಾಗುತ್ತದೆ ಎಂದು ನನಗೆ ಅನ್ನಿಸುತ್ತದೆ.

ತರ್ಕಶಾಸ್ತ್ರದಲ್ಲಿ ಅನುಮಾನ ಎಂದರೆ ಹೊಗೆಯನ್ನು ಕಂಡು ಬೆಟ್ಟದಲ್ಲಿ ಬೆಂಕಿಯಿದೆ ಎಂದು ತಿಳಿಯುವುದು. ಮರಾಠಿಯಲ್ಲಿ ಆ ಅರ್ಥ ಇಂದಿಗೂ ಬಳಕೆಯಲ್ಲಿದೆ. ನಮ್ಮ ಮನೆಮಾತಿನಲ್ಲಾದರೋ ಅನುಮಾನ ಎಂದರೆ ಸಂಶಯ. "ನನಗೆ ಅವನ ಮೇಲೆ ಅನುಮಾನ" ಎನ್ನುತ್ತೇವೆ. ಬೀದಿಯಲ್ಲಿ ಮರಾಠಿ, ಮನೆಯಲ್ಲಿ ಕನ್ನಡವೋ ತುಳುವೋ ಆಡುವ ಮುಂಬಯಿಯ ಮಗು ಈ ಪದದ ಮುಂದೆ ನಿಂತು ತಬ್ಬಿಬ್ಬಾಗುವುದು ಸಹಜ. "ಊಹೆ" ಎಂದರೆ ಬಾಯಿಗೆ ಬಂದದ್ದನ್ನು ಹೇಳಬಹುದು ಎಂಬ ಸದರ ಸಿಗುತ್ತದೆ. "ತೀರ್ಮಾನ" ಎಂದರೆ ಎಲ್ಲ ಮುಗಿಯಿತು ಎಂದಾಗುತ್ತದೆ. ಆದ್ದರಿಂದ ಅಂಕಣಕ್ಕೆ ಹೆಸರನ್ನೇ ಕೊಡಬೇಡಿ. ಬದಲಿಗೆ ವಾಕ್ಯದ ಕೊನೆಯ ಕ್ರಿಯಾಪದವನ್ನು ಗಮನಿಸಲು ಕಲಿಸಿ, ಏಕೆಂದರೆ ಈ ಕೆಲಸವನ್ನು ಕನ್ನಡ ಬಹಳ ಅಚ್ಚುಕಟ್ಟಾಗಿ ಮಾಡುತ್ತದೆ.

ಕಣ್ಣಾರೆ ಕಂಡದ್ದಕ್ಕೆ, ಕಿವಿಯಾರೆ ಕೇಳಿದ್ದಕ್ಕೆ "ಇದೆ", "ಆಗುತ್ತದೆ". ಕುರುಹುಗಳು ಬೇರೆ ದಾರಿಯನ್ನೇ ಉಳಿಸದೆ ನಮ್ಮನ್ನು ಒಂದು ಕಡೆಗೆ ತಳ್ಳಿದಾಗ "ಇರಬೇಕು". ಕುರುಹುಗಳು ಅಡ್ಡಿ ಮಾಡುವುದಿಲ್ಲ, ಆದರೆ ಒತ್ತಾಯವನ್ನೂ ಮಾಡುವುದಿಲ್ಲ ಎಂದಾಗ "ಇರಬಹುದು". ಕುರುಹಿಗೆ ವಿರುದ್ಧವಾದದ್ದಕ್ಕೆ "ಇರಲಾರದು". ಬೇರೆಯವರ ಬಾಯಿಂದ ಬಂದದ್ದಕ್ಕೆ "ಇದೆಯಂತೆ". ಈಗ ನಿಮ್ಮ ಹುಡುಗಿಯರ ಉತ್ತರವನ್ನು ಮತ್ತೆ ಓದಿ. ಗೋಲಿ ಇರಲಾರದು, ಉರುಳೆಯಾಕಾರದ ವಸ್ತು ಇರಬೇಕು, ಸೀಮೆಸುಣ್ಣ ಇರಬಹುದು. ಹೀಗೆ ಬರೆದಿದ್ದರೆ ಅದರಲ್ಲಿ ಒಂದಕ್ಷರವೂ ತಪ್ಪಿಲ್ಲ! ಮೊಳೆ ಎಂದ ಗುಂಪು ಬರೆಯಬೇಕಾಗಿದ್ದದ್ದು "ಆಯಸ್ಕಾಂತ ಸೆಳೆಯುವ ವಸ್ತು ಇರಬೇಕು, ಮೊಳೆ ಇರಬಹುದು" ಎಂದು. ಇಣುಕಿ ನೋಡಿದವರಲ್ಲಿಯೂ ತೂತಿಗೆ ಕಣ್ಣಿಟ್ಟವನು ಬಹುಶಃ ಒಬ್ಬನೇ. ಉಳಿದವರು ಪ್ರಾಮಾಣಿಕವಾಗಿ "ಸೆಲ್ ಇದೆಯಂತೆ" ಎಂದು ಬರೆಯಬೇಕಾಗಿತ್ತು. ಅಂಕಗಳನ್ನು ವಸ್ತುವಿನ ಹೆಸರಿಗೆ ಕೊಡದೆ ಈ ಕ್ರಿಯಾಪದಗಳಿಗೆ ಕೊಡಿ.

ನನ್ನ ವಿದ್ಯಾರ್ಥಿಗಳು ಹಗಲೆಲ್ಲ ಹೋಟೆಲುಗಳಲ್ಲಿ ದುಡಿದು ರಾತ್ರಿ ಓದಲು ಬರುತ್ತಿದ್ದ ಹುಡುಗರು. ಕಾಣದ್ದನ್ನು ತಿಳಿಯುವ ವಿದ್ಯೆಯನ್ನು ನಾನು ಅವರಿಗೆ ಕಲಿಸಿದ್ದಕ್ಕಿಂತ ಅವರಿಂದ ಕಲಿತದ್ದೇ ಹೆಚ್ಚು. ಗ್ಯಾಸ್ ಸಿಲಿಂಡರಿನಲ್ಲಿ ಇನ್ನೆಷ್ಟು ಉಳಿದಿದೆ ಎಂದು ನೋಡಲು ಅವರು ಅದನ್ನು ಒದ್ದೆ ಬಟ್ಟೆಯಿಂದ ಮೇಲಿಂದ ಕೆಳಗಿನವರೆಗೆ ಒರೆಸುತ್ತಿದ್ದರು. ಮೇಲಿನ ಭಾಗ ಬೇಗ ಒಣಗುತ್ತದೆ, ಕೆಳಗಿನ ಭಾಗ ತಡವಾಗಿ ಒಣಗುತ್ತದೆ. ಒಳಗೆ ದ್ರವ ಇರುವಷ್ಟು ಎತ್ತರಕ್ಕೆ ಉಕ್ಕು ಬೇಗ ಬಿಸಿಯಾಗುವುದಿಲ್ಲವಾದ್ದರಿಂದ, ಒಣಗಿದ ಮತ್ತು ಒಣಗದ ಭಾಗಗಳ ನಡುವಿನ ಗೆರೆಯೇ ದ್ರವದ ಮಟ್ಟ. ಒಲೆ ಬಹಳ ಹೊತ್ತು ಉರಿದಿದ್ದರೆ ದ್ರವ ಆವಿಯಾಗುತ್ತ ತಣ್ಣಗಾಗುವುದರಿಂದ ಆ ಮಟ್ಟದವರೆಗೆ ಹೊರಗೆ ತಾನಾಗಿಯೇ ಪಸೆಯಾಡುವುದೂ ಉಂಟು. ಒಮ್ಮೆ ಈ ಪರೀಕ್ಷೆ ಯಾವಾಗ ಕೈಕೊಡುತ್ತದೆ ಎಂದು ಕೇಳಿದೆ. ಹಿಂದಿನ ಬೆಂಚಿನ ಒಬ್ಬ ಹುಡುಗ, "ಜುಲೈ ತಿಂಗಳಿನಲ್ಲಿ, ಆಗ ಯಾವುದೂ ಒಣಗುವುದಿಲ್ಲ" ಎಂದ. ನಿಮ್ಮ ಮಕ್ಕಳಿಗೂ ಆ ಪ್ರಶ್ನೆಯನ್ನು ಕೇಳಿ ನೋಡಿ. ಪೆಟ್ಟಿಗೆಯನ್ನು ಓರೆ ಮಾಡುವ ಪರೀಕ್ಷೆ ಯಾವಾಗ ಸುಳ್ಳು ಹೇಳುತ್ತದೆ?

ಉತ್ತರ 2: ಗುಣಮಟ್ಟ ಪರೀಕ್ಷಕ, ಭೋಸರಿ, ಪುಣೆ

ಮಾಸ್ತರರು ಭಾಷೆಯ ಕಡೆಯಿಂದ ಹೇಳಿದ್ದನ್ನು ನಾನು ಕಾರ್ಖಾನೆಯ ಕಡೆಯಿಂದ ಹೇಳುತ್ತೇನೆ. ಉಕ್ಕಿನ ಶಾಫ್ಟುಗಳ (ಯಂತ್ರಗಳಲ್ಲಿ ತಿರುಗುವ ದಂಡಗಳ) ಒಳಗೆ ಬಿರುಕೋ ಗುಳ್ಳೆಯೋ ಇದೆಯೇ ಎಂದು ಶ್ರವಣಾತೀತ ತರಂಗಗಳಿಂದ, ಅಂದರೆ ನಮ್ಮ ಕಿವಿಗೆ ಕೇಳಿಸದ ಶಬ್ದದಿಂದ, ನೋಡುವುದು ನನ್ನ ಉದ್ಯೋಗ. ನಾವು ಪೆಟ್ಟಿಗೆಯನ್ನು ತೆರೆಯುವ ಹಾಗಿಲ್ಲ, ಏಕೆಂದರೆ ತೆರೆಯುವುದು ಎಂದರೆ ಕತ್ತರಿಸುವುದು, ಕತ್ತರಿಸಿದ ಶಾಫ್ಟನ್ನು ಯಾರೂ ಕೊಳ್ಳುವುದಿಲ್ಲ.

ಉಕ್ಕಿನಲ್ಲಿ ಈ ತರಂಗ ಸೆಕೆಂಡಿಗೆ ಸುಮಾರು 5,900 ಮೀಟರ್ ವೇಗದಲ್ಲಿ ಸಾಗುತ್ತದೆ. 60 ಮಿಲಿಮೀಟರ್ ದಪ್ಪದ ಶಾಫ್ಟಿನ ಮೇಲೆ ಪ್ರೋಬ್ (ತರಂಗವನ್ನು ಕಳುಹಿಸಿ ಪ್ರತಿಧ್ವನಿಯನ್ನು ಹಿಡಿಯುವ ಸಾಧನ) ಇಟ್ಟರೆ ಎದುರು ಬದಿಯಿಂದ ಪ್ರತಿಧ್ವನಿ ಮರಳಲು ಸುಮಾರು 20 ಮೈಕ್ರೊಸೆಕೆಂಡ್ ಬೇಕು. 10 ಮೈಕ್ರೊಸೆಕೆಂಡಿಗೇ ಇನ್ನೊಂದು ಪ್ರತಿಧ್ವನಿ ಬಂದರೆ, ಸರಿಸುಮಾರು ನಡುಮಧ್ಯದಲ್ಲಿ ಏನೋ ಇರಬೇಕು. ಅದು ಬಿರುಕೇ, ಗುಳ್ಳೆಯೇ, ಕಸವೇ ಎಂಬುದು ಮಾತ್ರ ಮಾಸ್ತರರ "ಇರಬಹುದು". ಆದರೆ ತರಂಗದ ದಿಕ್ಕಿಗೆ ಸಮಾನಾಂತರವಾಗಿ ನಿಂತ ತೆಳುವಾದ ಬಿರುಕು ನಮಗೆ ಕಾಣದೆಯೇ ತಪ್ಪಿಸಿಕೊಳ್ಳಬಲ್ಲದು. ಅದಕ್ಕಾಗಿ ಬೇರೆ ಕೋನದಿಂದಲೂ ನೋಡುತ್ತೇವೆ. ನಿಮ್ಮ ಹುಡುಗಿಯರು ಎರಡು ದಿಕ್ಕುಗಳಲ್ಲಿ ಓರೆ ಮಾಡಿ ನೋಡಿದ್ದು ಇದೇ ಬುದ್ಧಿ. ಒಂದೇ ದಿಕ್ಕಿಗೆ ಓರೆ ಮಾಡಿದ್ದರೆ ಅವರೂ "ಗೋಲಿ" ಎನ್ನುತ್ತಿದ್ದರು.

ತೆರೆಯದಿದ್ದರೆ ನಮಗೆ ಧೈರ್ಯ ಎಲ್ಲಿಂದ ಬರುತ್ತದೆ ಎಂದು ನೀವು ಕೇಳಬಹುದು. ಅದು ಬರುವುದು ಮಾದರಿ ತುಂಡಿನಿಂದ. ಅದೇ ಬಗೆಯ ಉಕ್ಕಿನ ಒಂದು ತುಂಡಿನಲ್ಲಿ ನಾವೇ ತಿಳಿದ ಆಳಕ್ಕೆ, ತಿಳಿದ ಅಳತೆಯ ರಂಧ್ರವನ್ನು ಕೊರೆದು ಇಟ್ಟುಕೊಂಡಿರುತ್ತೇವೆ. ಮೊದಲು ಯಂತ್ರವನ್ನು ಅದರ ಮೇಲೆ ಇಟ್ಟು ಪ್ರತಿಧ್ವನಿ ಹೇಗೆ ಬರುತ್ತದೆ ಎಂದು ನೋಡಿ, ಅನಂತರ ತಿಳಿಯದ ಶಾಫ್ಟಿನ ಮೇಲೆ ಇಡುತ್ತೇವೆ. ನಿಮ್ಮ ತರಗತಿಯಲ್ಲಿಯೂ ಇದು ಸಾಧ್ಯ. ಪ್ರತಿ ಗುಂಪಿಗೆ ಅದೇ ಅಳತೆಯ ಇನ್ನೊಂದು ಖಾಲಿ ಪೆಟ್ಟಿಗೆಯನ್ನು ಕೊಡಿ. ಸೀಮೆಸುಣ್ಣ ಎನ್ನುವವರು ಅದರೊಳಗೆ ನಿಜವಾಗಿ ಸೀಮೆಸುಣ್ಣವನ್ನು ಹಾಕಿ, ಮುಚ್ಚಿ, ಎರಡನ್ನೂ ಓರೆ ಮಾಡಿ, ತೂಗಿ, ಸದ್ದನ್ನು ಕೇಳಿ ಹೋಲಿಸಲಿ. ಹೊಂದಿಕೆಯಾಗದಿದ್ದರೆ ಅವರೇ ಅದನ್ನು ತೆಗೆದು ಬೇರೆಯದನ್ನು ಹಾಕುತ್ತಾರೆ. ತಪ್ಪು ಎಂದು ನೀವು ಹೇಳಬೇಕಾಗುವುದಿಲ್ಲ, ಚಪ್ಪಾಳೆಗೂ ಅವಕಾಶವಿಲ್ಲ. ನನ್ನ ಅಭಿಪ್ರಾಯದಲ್ಲಿ ಪೆಟ್ಟಿಗೆಯನ್ನು ವರ್ಷಪೂರ್ತಿ ತೆರೆಯಲೇಬಾರದು.

ಉತ್ತರ 3: ಭೌತಶಾಸ್ತ್ರ ಅಧ್ಯಾಪಕಿ, ಮುಲುಂಡ್

ಜೋಡಿ ಪೆಟ್ಟಿಗೆಯ ಸಲಹೆ ಬಹಳ ಚೆನ್ನಾಗಿದೆ, ನಾನೂ ಅದನ್ನು ಕದಿಯುತ್ತೇನೆ. ಆದರೆ "ತೆರೆಯಲೇಬಾರದು" ಎಂಬ ಮಾತಿಗೆ ನನ್ನ ಒಪ್ಪಿಗೆಯಿಲ್ಲ. ಹಿಂದಿನ ಉತ್ತರದ ಸರ್ ಕ್ಷಮಿಸಬೇಕು, ಆ ಮಾದರಿ ತುಂಡೂ ಒಂದು ರೀತಿಯಲ್ಲಿ ತೆರೆದ ಪೆಟ್ಟಿಗೆಯೇ. ವಿಜ್ಞಾನದಲ್ಲಿ ಕೆಲವು ಪೆಟ್ಟಿಗೆಗಳು ತೆರೆಯುತ್ತವೆ, ಕೆಲವು ತೆರೆಯುವುದಿಲ್ಲ, ಮತ್ತೆ ಕೆಲವನ್ನು ತೆರೆದಾಗ ಒಳಗೆ ಏನೂ ಇರುವುದಿಲ್ಲ. ಮಕ್ಕಳು ಈ ಮೂರನ್ನೂ ಕಾಣಬೇಕು.

ಯುರೇನಸ್ ಗ್ರಹ ಲೆಕ್ಕಕ್ಕೆ ಸರಿಯಾಗಿ ಚಲಿಸುತ್ತಿಲ್ಲ, ಅದನ್ನು ಕಾಣದ ಗ್ರಹವೊಂದು ಎಳೆಯುತ್ತಿರಬೇಕು ಎಂದು ಫ್ರಾನ್ಸಿನ ಲ ವೆರಿಯೆ ಲೆಕ್ಕ ಹಾಕಿ ಅದರ ಸ್ಥಾನವನ್ನು ಬರ್ಲಿನ್ನಿಗೆ ಬರೆದು ಕಳುಹಿಸಿದರು. ಪತ್ರ ತಲುಪಿದ 1846ರ ಸೆಪ್ಟೆಂಬರ್ 23ರ ರಾತ್ರಿಯೇ ಗಾಲ ಎಂಬ ಖಗೋಳಜ್ಞರು ದೂರದರ್ಶಕವನ್ನು ತಿರುಗಿಸಿ, ಹೇಳಿದ ಸ್ಥಾನದಿಂದ ಒಂದು ಡಿಗ್ರಿಯೊಳಗೆ ನೆಪ್ಚೂನನ್ನು ಕಂಡರು. ಅದೇ ಲ ವೆರಿಯೆ 1859ರಲ್ಲಿ ಬುಧ ಗ್ರಹದ ಕಕ್ಷೆ ವಿವರಣೆಗೆ ಸಿಗದಷ್ಟು ಹೆಚ್ಚಾಗಿ ತಿರುಗುತ್ತಿರುವುದನ್ನು ಗಮನಿಸಿ, ಇಲ್ಲಿಯೂ ಕಾಣದ ಗ್ರಹವಿರಬೇಕು ಎಂದರು. ಅದಕ್ಕೆ ವಲ್ಕನ್ ಎಂಬ ಹೆಸರನ್ನೂ ಇಟ್ಟಾಯಿತು. ಹಲವರು ಅದನ್ನು ಕಂಡೆವು ಎಂದರು. ಅದು ಇರಲೇ ಇಲ್ಲ. ಶತಮಾನಕ್ಕೆ 43 ಆರ್ಕ್‌ಸೆಕೆಂಡುಗಳಷ್ಟು (ಒಂದು ಆರ್ಕ್‌ಸೆಕೆಂಡ್ ಎಂದರೆ ಡಿಗ್ರಿಯ 3,600ನೇ ಒಂದು ಭಾಗ) ಉಳಿದಿದ್ದ ಆ ವ್ಯತ್ಯಾಸಕ್ಕೆ 1915ರಲ್ಲಿ ಐನ್‌ಸ್ಟೈನ್ ಗುರುತ್ವದ ನಿಯಮವನ್ನೇ ತಿದ್ದಿ ಉತ್ತರ ಕೊಟ್ಟರು. ವ್ಯಕ್ತಿ ಒಬ್ಬರೇ, ತರ್ಕದ ರೀತಿ ಒಂದೇ, ಲೆಕ್ಕದ ಕೌಶಲವೂ ಒಂದೇ. ನಿಮ್ಮ ಹುಡುಗಿಯರಿಗೆ ನಾನಾಗಿದ್ದರೆ ಮೊದಲು ಹೇಳುತ್ತಿದ್ದದ್ದು ಈ ವಲ್ಕನ್ನಿನ ಕಥೆಯನ್ನು.

ನೀವು ಮುಂದೆ ಪಾಠ ಮಾಡಲಿರುವ ವಿಜ್ಞಾನಿ ರುದರ್‌ಫೋರ್ಡ್ ಅವರ ಪೆಟ್ಟಿಗೆಯಾದರೋ, ಅಂದರೆ ಪರಮಾಣು, ಯಾರೂ ಮುಚ್ಚಳ ತೆಗೆದು ನೋಡದ ಜಾತಿಗೆ ಸೇರಿದ್ದು. 1909ರಲ್ಲಿ ಅವರ ಪ್ರಯೋಗಾಲಯದ ಗೈಗರ್ ಮತ್ತು ಮಾರ್ಸ್‌ಡೆನ್ ತೆಳುವಾದ ಲೋಹದ ಹಾಳೆಯತ್ತ ಹಾರಿಸಿದ ಆಲ್ಫಾ ಕಣಗಳಲ್ಲಿ (ವಿಕಿರಣಶೀಲ ವಸ್ತುಗಳಿಂದ ಹೊಮ್ಮುವ ಕಣಗಳಲ್ಲಿ) ಬಹುಪಾಲು ನೇರವಾಗಿ ದಾಟಿದವು, ಎಲ್ಲೋ ಕೆಲವು ಬಂದ ದಾರಿಗೇ ಹಿಂದಿರುಗಿದವು. ಆ ಎಣಿಕೆಯಿಂದ 1911ರಲ್ಲಿ ಪರಮಾಣುವಿನ ಕೇಂದ್ರ ಹೊರಬಂದಿತು. ಎಣಿಸುವುದರಿಂದ ಅಳತೆ ಹೇಗೆ ಹುಟ್ಟುತ್ತದೆ ಎಂಬುದನ್ನು ತೋರಿಸಲು ಗೋಲಿಗಳೇ ಸಾಕು. ಇದನ್ನು ತರಗತಿಯಲ್ಲಿ ತಪ್ಪದೆ ಮಾಡಿ ನೋಡಿ.

60 ಸೆಂಟಿಮೀಟರ್ ಅಗಲದ ಒಂದು ಹಲಗೆಯನ್ನು ನಾಲ್ಕು ಮೂಲೆಗಳಲ್ಲಿ ಸ್ವಲ್ಪ ಎತ್ತಿ ನಿಲ್ಲಿಸಿ, ಅದರ ಕೆಳಗೆ 6 ಗೋಲಿಗಳನ್ನು ಒಂದಕ್ಕೊಂದು ದೂರವಾಗಿ ಅಂಟಿಸಿ. ಮಕ್ಕಳು ಅಷ್ಟೇ ಗಾತ್ರದ ಗೋಲಿಗಳನ್ನು ಗುರಿಯಿಡದೆ, ಅಗಲದ ಉದ್ದಕ್ಕೂ ಎಲ್ಲೆಂದರಲ್ಲಿಂದ ನೇರವಾಗಿ ಉರುಳಿಸಲಿ. ಉರುಳುವ ಗೋಲಿಯ ನಡುಬಿಂದು ಅಡಗಿರುವ ಗೋಲಿಯ ನಡುಬಿಂದುವಿನಿಂದ ಎಡಕ್ಕೋ ಬಲಕ್ಕೋ ಒಂದು ವ್ಯಾಸದೊಳಗೆ ಬಂದರೆ ಡಿಕ್ಕಿಯಾಗುತ್ತದೆ. ಅಂದರೆ ಒಂದೊಂದು ಅಡಗಿದ ಗೋಲಿಯೂ ಎರಡು ವ್ಯಾಸದಷ್ಟು ದಾರಿಯನ್ನು ಅಡ್ಡಗಟ್ಟುತ್ತದೆ, ಆರೂ ಸೇರಿ ಹನ್ನೆರಡು ವ್ಯಾಸ. ಉದಾಹರಣೆಗೆ 200 ಸಲ ಉರುಳಿಸಿದಾಗ 64 ಸಲ ಟಕ್ ಎಂಬ ಸದ್ದು ಕೇಳಿಬಂದರೆ, 60 ಸೆಂಟಿಮೀಟರಿನ ನೂರಕ್ಕೆ 32 ಭಾಗ, ಅಂದರೆ 19.2 ಸೆಂಟಿಮೀಟರ್ ಹನ್ನೆರಡು ವ್ಯಾಸಕ್ಕೆ ಸಮ. ಗೋಲಿಯ ವ್ಯಾಸ 1.6 ಸೆಂಟಿಮೀಟರ್. ಅಳತೆಪಟ್ಟಿಯನ್ನು ಗೋಲಿಗೆ ಮುಟ್ಟಿಸದೆಯೇ ಉತ್ತರ ಸಿಕ್ಕಿತು. ಗುರಿಯಿಟ್ಟು ಹೊಡೆಯುವ ಹುಡುಗರು ಇದನ್ನು ಕೆಡಿಸುತ್ತಾರೆ. ಗೋಲಿಯಾಟದಲ್ಲಿ ಪಳಗಿದವರನ್ನು ಎಣಿಸಲು ಕೂರಿಸಿ.

ಇನ್ನೊಂದು ವಿಷಯವನ್ನು ಮುಂಬಯಿ ಕನ್ನಡಿಗರ ಮಕ್ಕಳಿಗೆ ಹೇಳದೆ ಇರಲು ನನಗೆ ಮನಸ್ಸಾಗದು. 1965ರಲ್ಲಿ ನಮ್ಮ ಕೊಲಾಬಾದ ಟಾಟಾ ಮೂಲಭೂತ ಸಂಶೋಧನಾ ಸಂಸ್ಥೆಯವರು ಜಪಾನ್ ಮತ್ತು ಇಂಗ್ಲೆಂಡಿನ ಸಂಗಡಿಗರೊಂದಿಗೆ ಕೋಲಾರದ ಚಿನ್ನದ ಗಣಿಯಲ್ಲಿ, ಎರಡು ಕಿಲೋಮೀಟರಿಗೂ ಹೆಚ್ಚು ಆಳದಲ್ಲಿ, ವಾತಾವರಣದಲ್ಲಿ ಹುಟ್ಟಿದ ನ್ಯೂಟ್ರಿನೊಗಳ, ಅಂದರೆ ಬಹುತೇಕ ಯಾವುದಕ್ಕೂ ತಗಲದೆ ಬಂಡೆಯನ್ನೂ ದಾಟಿಹೋಗುವ ಅತಿಸಣ್ಣ ಕಣಗಳ, ಸುಳಿವನ್ನು ಹಿಡಿದರು. ನ್ಯೂಟ್ರಿನೊವನ್ನು ಅಲ್ಲಿಯೂ ಯಾರೂ ನೇರವಾಗಿ ಕಂಡಿಲ್ಲ. ಅಷ್ಟು ಆಳದಲ್ಲಿ ಅಡ್ಡಡ್ಡವಾಗಿ ಬರುವ ಮ್ಯುಆನ್ ಕಣ (ಎಲೆಕ್ಟ್ರಾನಿನಂಥದೇ, ಆದರೆ ಅದಕ್ಕಿಂತ ಭಾರವಾದದ್ದು) ಹೊರಗಿನಿಂದ ಬಂದಿದ್ದರೆ ಇನ್ನೂ ಎಷ್ಟೋ ಕಿಲೋಮೀಟರ್ ಬಂಡೆಯನ್ನು ತೂರಿ ಬರಬೇಕಾಗುತ್ತಿತ್ತು, ಅದು ಮ್ಯುಆನಿಗೆ ಆಗದ ಕೆಲಸ. ಹಾಗಾಗಿ ಅದು ಹತ್ತಿರದ ಬಂಡೆಯಲ್ಲಿಯೇ, ನ್ಯೂಟ್ರಿನೊವೊಂದು ಡಿಕ್ಕಿ ಹೊಡೆದಾಗ ಹುಟ್ಟಿರಬೇಕು. ಮಾಸ್ತರರ "ಇರಲಾರದು" ಮತ್ತು "ಇರಬೇಕು" ಎರಡೂ ಇಲ್ಲಿವೆ. ಆ ಗಣಿಯಲ್ಲಿ ಮ್ಯುಆನುಗಳನ್ನು ಅಳೆಯುವ ಕೆಲಸವನ್ನು 1950ರ ದಶಕದಲ್ಲಿ ಮಾಡಿದವರಲ್ಲಿ ಒಬ್ಬರಾದ ಬಿ. ವಿ. ಶ್ರೀಕಂಠನ್ ಅವರು ಮುಂದೆ ಇದೇ ಸಂಸ್ಥೆಯ ನಿರ್ದೇಶಕರಾದರು.

ತೆರೆಯುವ ವಿಷಯಕ್ಕೆ ಮರಳುತ್ತೇನೆ. ಮುಂದಿನ ಸಲ ಎಲ್ಲ ಪರೀಕ್ಷೆಗಳೂ ಮುಗಿದು, ಬರೆದ ಹಾಳೆಗಳು ನಿಮ್ಮ ಕೈಸೇರಿದ ಮೇಲೆ, ಚೀಟಿ ಎತ್ತಿ ಆರರಲ್ಲಿ ಒಂದನ್ನು ಮಾತ್ರ ತೆರೆಯಿರಿ. ಉಳಿದ ಐದರಲ್ಲಿಯೂ ಅದೇ ಇದೆಯೇ ಎಂದು ಕೇಳಿ. ಒಂದು ಅಗುಳನ್ನು ಹಿಸುಕಿ ನೋಡಿ ಅನ್ನ ಬೆಂದಿದೆ ಎನ್ನುತ್ತೇವೆ, ಏಕೆಂದರೆ ಎಲ್ಲ ಅಗುಳುಗಳೂ ಒಂದೇ ಪಾತ್ರೆಯಲ್ಲಿ ಒಂದೇ ಉರಿಯ ಮೇಲೆ ಇದ್ದವು ಎಂದು ಗೊತ್ತಿದೆ. ಪೆಟ್ಟಿಗೆಗಳ ಬಗ್ಗೆ ಹಾಗೆ ಹೇಳಲು ಅವರ ಬಳಿ ಏನಿದೆ? ಒಂದರಲ್ಲಿ ನೀವು ಬೇರೆ ವಸ್ತುವನ್ನು ಇಟ್ಟಿದ್ದರೆ ಇನ್ನೂ ಒಳ್ಳೆಯದು.

ಉತ್ತರ 4: ಪ್ರಯೋಗಾಲಯ ಸಹಾಯಕ, ಮಡಗಾಂವ್

ಎರಡು ಸಣ್ಣ ಎಚ್ಚರಿಕೆಗಳನ್ನು ಮಾತ್ರ ಹೇಳುತ್ತೇನೆ. ಪೆಟ್ಟಿಗೆಯಲ್ಲಿ ನಾಣ್ಯ ಹಾಕುವುದಾದರೆ ಮೊದಲು ಅದಕ್ಕೆ ಆಯಸ್ಕಾಂತವನ್ನು ಹಿಡಿದು ನೋಡಿ. ಈಗಿನ ಸ್ಟೇನ್‌ಲೆಸ್ ಸ್ಟೀಲಿನ ಒಂದು ರೂಪಾಯಿ ನಾಣ್ಯ ಅಂಟುತ್ತದೆ, ಎರಡು ಬಣ್ಣದ ಹತ್ತು ರೂಪಾಯಿ ನಾಣ್ಯ ಅಂಟುವುದಿಲ್ಲ. ಅಂಟದಿದ್ದರೆ ಲೋಹವೇ ಅಲ್ಲ ಎಂದು ಮಕ್ಕಳು ಬರೆಯುವುದನ್ನು ನಾನು ಬಹಳ ನೋಡಿದ್ದೇನೆ, ಆದ್ದರಿಂದ ಎರಡನ್ನೂ ಮೇಜಿನ ಮೇಲೆ ಇಟ್ಟು ಮೊದಲೇ ತೋರಿಸಿ. ಇನ್ನು ಮೂಲೆ ಹರಿಯುವ ಹುಡುಗರಿಗಾಗಿ: ಪೆಟ್ಟಿಗೆಯ ಎಂಟೂ ಮೂಲೆಗಳಿಗೆ ಒಳಗಿನಿಂದ ಬಟ್ಟೆಯ ಪಟ್ಟಿಯನ್ನು ಅಂಟಿಸಿದರೆ ಹರಿದರೂ ಏನೂ ಕಾಣುವುದಿಲ್ಲ.

ಪ್ರಶ್ನೆ ಕೇಳಿದವರಿಂದ

ಎಲ್ಲರಿಗೂ ಧನ್ಯವಾದಗಳು. ಇಂದು ಮಧ್ಯಾಹ್ನ ಮಾಸ್ತರರ ಐದು ಕ್ರಿಯಾಪದಗಳನ್ನು ಹಲಗೆಯ ಮೇಲೆ ಬರೆದು, ಹಳೆಯ ಉತ್ತರಗಳನ್ನೇ ಮತ್ತೆ ಬರೆಯಲು ಹೇಳಿದೆ. ಹೊಡೆದುಹಾಕಿದ್ದ ಪಟ್ಟಿಯನ್ನು ಆ ಹುಡುಗಿಯರು ಮತ್ತೆ ನಕಲು ಮಾಡಿಕೊಂಡು, ಕೊನೆಯಲ್ಲಿ "ಸೀಮೆಸುಣ್ಣ ಇರಬಹುದು, ತೂಗಿ ನೋಡಿಲ್ಲ" ಎಂದು ಸೇರಿಸಿದ್ದಾರೆ. ಆ ಎರಡನೆಯ ಅರ್ಧವನ್ನು ನಾನು ಹೇಳಿಕೊಟ್ಟದ್ದಲ್ಲ. ಇಣುಕಿದ ಗುಂಪಿನಲ್ಲಿ ಮೂವರು ನಗುತ್ತಲೇ "ಇದೆಯಂತೆ" ಎಂದು ಬರೆದರು, ನಾಲ್ಕನೆಯವನು ಮಾತ್ರ ಬಹಳ ಗಂಭೀರವಾಗಿ "ಹಳದಿ ಬಣ್ಣದ ತುದಿ ಇದೆ, ಸೆಲ್ ಇರಬೇಕು" ಎಂದು ಬರೆದಿದ್ದಾನೆ. ಅವನಿಗೆ ಎಷ್ಟು ಅಂಕ ಕೊಡಬೇಕೆಂದು ನಾನಿನ್ನೂ ನಿರ್ಧರಿಸಿಲ್ಲ.

ಮುಂದಿನ ತಿಂಗಳು ಜೋಡಿ ಪೆಟ್ಟಿಗೆಗಳೊಂದಿಗೆ ಮತ್ತೆ ಮಾಡಿಸುತ್ತೇನೆ; ಐದರಲ್ಲಿ ಒಂದೇ ವಸ್ತು, ಆರನೆಯದರಲ್ಲಿ ಬೇರೆ. ಮೊದಲಿನ ಆರು ಪೆಟ್ಟಿಗೆಗಳಲ್ಲಿ ಒಂದರ ಮೂಲೆ ಹರಿದಿದೆ, ಜೋಡಿಗೆ ಇನ್ನೂ ಆರು ಬೇಕು. ಪರಿಚಯದ ಚಪ್ಪಲಿ ಅಂಗಡಿಯವರಲ್ಲಿ ಈಗ ಆ ಅಳತೆಯದು ಇಲ್ಲವಂತೆ. ದಾದರ್‌ನಿಂದ ಮಾಟುಂಗದವರೆಗೆ ಯಾರ ಬಳಿಯಾದರೂ ಒಂದೇ ಅಳತೆಯ ಹನ್ನೆರಡು ಖಾಲಿ ಮಿಠಾಯಿ ಪೆಟ್ಟಿಗೆಗಳಿದ್ದರೆ ಇಲ್ಲಿಯೇ ತಿಳಿಸಿ, ಶನಿವಾರ ಶಾಲೆ ಬಿಟ್ಟ ಮೇಲೆ ಬಂದು ಒಯ್ಯುತ್ತೇನೆ.